ಒತ್ತಾಯದ ಊರಿನಲ್ಲಿ ಅಕ್ಕ

ರೈಲಿನಲ್ಲಿ ಕೊಟ್ಟ ಜಿಲೇಬಿಯನ್ನು ಬೇಡ ಎನ್ನುವುದು ಹೇಗೆಂದು ನಾನು ಇಷ್ಟು ವರ್ಷವಾದರೂ ಕಲಿತಿಲ್ಲ.

ನಮ್ಮ ಮನೆ ವಡೋದರದ ಮಂಜಲ್‌ಪುರದಲ್ಲಿ. ನನ್ನ ಕೆಲಸ ಅಹಮದಾಬಾದಿನ ವಟ್ವಾದಲ್ಲಿ, ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಒಂದು ಕಾರ್ಖಾನೆಯ ಪರೀಕ್ಷಾ ವಿಭಾಗದಲ್ಲಿ. ಬೆಳಿಗ್ಗೆ ರೈಲು ಹತ್ತಿ ಸಂಜೆ ವಾಪಸು ಬರುವ ಈ ಓಡಾಟಕ್ಕೆ ಇಲ್ಲಿ ‘ಅಪ್‌ಡೌನ್’ ಅಂತಲೇ ಹೆಸರು. ಪಾಸು ಇರುವವರು ಗುಂಪು ಗುಂಪಾಗಿ ಒಂದೊಂದು ಮೂಲೆ ಹಿಡಿದಿರುತ್ತಾರೆ. ಒಂದು ಗುಂಪು ಇಸ್ಪೀಟು ಆಡುತ್ತದೆ, ಒಂದು ಗುಂಪು ತಾಳ ತಟ್ಟಿ ಭಜನೆ ಮಾಡುತ್ತದೆ. ನಮ್ಮ ಗುಂಪು ತಿನ್ನುತ್ತದೆ.

“ಒಂದೇ ಒಂದು, ಸಾಹೇಬ್.”

“ಬೇಡ ಭಾಯಿ. ಶುಗರ್ ಬಾರ್ಡರಿನಲ್ಲಿದೆ.”

“ಬಾರ್ಡರ್ ದಾಟಿಲ್ಲವಲ್ಲ! ಬಾಯಿ ತೆಗೀರಿ. ಮಾರಾ ಸಮ್.”

ಮಾರಾ ಸಮ್ ಎಂದರೆ ನನ್ನಾಣೆ. ಒಂದು ಜಿಲೇಬಿಗಾಗಿ ಮನುಷ್ಯ ತನ್ನ ಪ್ರಾಣವನ್ನೇ ಒತ್ತೆ ಇಡುತ್ತಾನೆ. ಅದಾದ ಮೇಲೂ ಬೇಡ ಅಂದರೆ ಆಣೆ ತಟ್ಟಿ ಅವನಿಗೇನಾದರೂ ಆಗಿಬಿಟ್ಟರೆ ಎಂಬ ಚಿಂತೆ ನನಗೆ. ತಿಂದರೆ ನನಗೇನಾದರೂ ಆಗಿಬಿಟ್ಟರೆ ಎಂಬುದು ಇನ್ನೊಂದು ಚಿಂತೆ. ಎರಡನ್ನೂ ತೂಗಿ ನೋಡುವಷ್ಟರಲ್ಲಿ ಜಿಲೇಬಿ ಬಾಯೊಳಗೆ ಹೋಗಿರುತ್ತದೆ. ಹೀಗೆ ಬಾಯಿಗೇ ತುರುಕುವ ಭಾಯಿ ಸೂರತ್ತಿನ ಮೂಲದವರು. ನಮ್ಮ ಪಕ್ಕದ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಾರೆ. ಊಟ ತಿಂಡಿಯ ವಿಷಯದಲ್ಲಿ ಒತ್ತಾಯ ಮಾಡುವುದಕ್ಕೆ ಇವರು ‘ಆಗ್ರಹ್’ ಅನ್ನುತ್ತಾರೆ. ಆಗ್ರಹ್ ಮಾಡದ ಮನೆಯ ಊಟ, ಎಷ್ಟೇ ರುಚಿಯಾಗಿರಲಿ, ಊಟದ ಲೆಕ್ಕಕ್ಕೆ ಬರುವುದಿಲ್ಲ.

ಕಾರ್ಖಾನೆಯೊಳಗೆ ಕಾಲಿಟ್ಟರೆ ಒತ್ತಾಯದ ಭಾಷೆಯೇ ಬೇರೆ. ನಮ್ಮ ಮ್ಯಾನೇಜರು ಯಾವುದಾದರೂ ಸಪ್ಲೈಯರು ತಡ ಮಾಡಿದಾಗ ನನ್ನನ್ನು ಕರೆದು, “ಸ್ವಲ್ಪ ಆರ್ಮ್ ಟ್ವಿಸ್ಟ್ ಮಾಡಿ” ಅನ್ನುತ್ತಾರೆ. ಅಂದರೆ ತೋಳು ತಿರುಚಬೇಕು. ಒಗೆದ ಬೆಡ್‌ಶೀಟಿನ ನೀರು ಹಿಂಡಲು ಇನ್ನೊಂದು ತುದಿಗೆ ಹೆಂಡತಿಯನ್ನು ನಿಲ್ಲಿಸಿಕೊಳ್ಳುವವನು ನಾನು. ಸಪ್ಲೈಯರಿಗೆ ಫೋನು ಮಾಡಿ ಅವರ ಮನೆಯವರ ಆರೋಗ್ಯ ವಿಚಾರಿಸಿ ಇಟ್ಟುಬಿಡುತ್ತೇನೆ. ಅಚ್ಚರಿಯೆಂದರೆ ಕೆಲವು ಸಲ ಮಾಲು ಬಂದೂ ಬಿಡುತ್ತದೆ.

ಇಂಥ ನನ್ನ ಪಾಲಿಗೆ, ಒಬ್ಬರ ತೋಳು ತಿರುಚಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ಬಂತು. ಆ ತೋಳು ನಮ್ಮಕ್ಕನದು.

ಭಾವ ತೀರಿಕೊಂಡ ಮೇಲೆ ಅಕ್ಕ ಹಾಸನದಿಂದ ನಮ್ಮ ಮನೆಗೆ ಬಂದಳು. ಮಕ್ಕಳಿರಲಿಲ್ಲ. ಒಂದು ತಿಂಗಳು ಇದ್ದು ಹೋಗು ಅಂತ ಕರೆತಂದದ್ದು. ಆ ತಿಂಗಳು ಎಂಟು ವರ್ಷವಾಯಿತು. ಮನೆಯ ಹಿಂದಿನ ಮಾಲೀಕರು ಪಡಸಾಲೆಯಲ್ಲಿ ಬಿಟ್ಟುಹೋಗಿದ್ದ ತೂಗುಮಣೆ ತಾನಾಗಿ ಅವಳದಾಯಿತು. ಮಧ್ಯಾಹ್ನದ ಹೊತ್ತು ಒಂದು ಕಾಲು ಮಡಿಸಿ, ಇನ್ನೊಂದು ಕಾಲಿನ ಹೆಬ್ಬೆರಳಲ್ಲಿ ನೆಲ ತಾಗಿಸಿ ಅವಳು ಮೆಲ್ಲಗೆ ತೂಗಿಕೊಳ್ಳುತ್ತಿದ್ದರೆ ಇಡೀ ಮನೆಯೇ ನೀರಿನ ಮೇಲಿದ್ದಂತೆ ಕಾಣುತ್ತಿತ್ತು. ರಜಾ ದಿನ ನಾನು ಸೋಫಾದ ಮೇಲೆ ಅಡ್ಡಾಗಿ ಆ ಸರಪಳಿಯ ಕಿರ್ ಕಿರ್ ಸದ್ದಿನಲ್ಲೇ ನಿದ್ದೆ ಹೋಗುತ್ತಿದ್ದೆ. ಕನಸಿನಲ್ಲೂ ಅದೇ ಸದ್ದು. ಕಣ್ಣು ಬಿಟ್ಟರೆ ಅಕ್ಕ ಅಲ್ಲೇ ಇರುತ್ತಿದ್ದಳು, ಅವರೆಕಾಯಿ ಬಿಡಿಸುತ್ತಲೋ ಸುಮ್ಮನೆ ಬಾಲ್ಕನಿಯ ಬೆಳಕು ನೋಡುತ್ತಲೋ.

ಒಂದು ಉತ್ತರಾಯಣದ ದಿನ ಭಾಯಿ ತಮ್ಮ ಅಣ್ಣನನ್ನು ಕರೆದುಕೊಂಡು ನಮ್ಮ ಮನೆಗೆ ಊಟಕ್ಕೆ ಬಂದರು. ಇಲ್ಲಿಯವರಿಗೆ ಸಂಕ್ರಾಂತಿಯೆಂದರೆ ಗಾಳಿಪಟ. ಮೇಲೆ ತಾರಸಿಯಲ್ಲಿ ಹುಡುಗರ ಕೂಗು, ಬಾಲ್ಕನಿಗೆ ತೇಲಿಬಂದು ಬೀಳುವ ಕಡಿದ ಪಟಗಳು. ಅಣ್ಣನನ್ನು ಎಲ್ಲರೂ ಮೋಟಾಭಾಯಿ ಅನ್ನುತ್ತಾರೆ, ದೊಡ್ಡಣ್ಣ ಅಂತ. ಹಾಗಾಗಿ ನಾವೂ ಹಾಗೇ ಅಂದೆವು. ಸೂರತ್ತಿನ ಒಂದು ಜವಳಿ ಮಿಲ್ಲಿನಲ್ಲಿ ಸೀರೆಯ ಅಂಚಿಗೆ ಚಿತ್ರ ಬರೆಯುತ್ತಿದ್ದವರು. ಹೆಂಡತಿ ತೀರಿಹೋಗಿ ಕೆಲವು ವರ್ಷಗಳಾಗಿದ್ದವು. ಮಗ ಅದೇ ಊರಿನಲ್ಲಿ ಬೇರೆ ಸಂಸಾರ ಹೂಡಿದ್ದ. ಮಾತು ಕಡಿಮೆ; ತಮ್ಮನೇ ಇಬ್ಬರ ಪಾಲಿನದನ್ನೂ ಆಡಿಬಿಡುತ್ತಿದ್ದುದರಿಂದ ಅವರಿಗೆ ಆಡಲು ಉಳಿಯುತ್ತಲೂ ಇರಲಿಲ್ಲ.

ಅಕ್ಕ ಹೋಳಿಗೆ ಮಾಡಿದ್ದಳು. ಬಡಿಸುತ್ತಾ ಬಂದಾಗ ಮೋಟಾಭಾಯಿ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, “ಬಸ್” ಅಂದರು. ಅಕ್ಕ ಸುಮ್ಮನೆ ಮುಂದಕ್ಕೆ ಹೋದಳು.

ಆಗ್ರಹ್ ಇಲ್ಲದೆ ಎದ್ದುಹೋದರೆ ನಾಳೆ ರೈಲಿನ ಡಬ್ಬಿಯಲ್ಲಿ ನಾನು ತಲೆ ಎತ್ತುವುದು ಹೇಗೆ?

“ಅಕ್ಕ, ಇನ್ನೊಂದು ಹಾಕು. ಬಲವಂತ ಮಾಡು.”

“ಸಾಕು ಅಂದ್ರಲ್ಲೋ.”

“ಅವರು ಹಾಗೇ ಅನ್ನೋದು. ಹಾಕ್ಬೇಕು.”

“ಬಾಯಿಬಿಟ್ಟು ಹೇಳಿದ್ದಾರೆ. ಇನ್ನು ನಾನ್ಯಾಕೆ ಅವರ ಹೊಟ್ಟೆ ಅಳತೆ ಮಾಡ್ಲಿ?”

ಕನ್ನಡದಲ್ಲಿ ನಡೆದ ಮಾತು. ಮೋಟಾಭಾಯಿ ಏನೆಂದು ಕೇಳಿದರು. ಅಕ್ಕನೇ ತನಗೆ ಬರುವ ಗುಜರಾತಿಯಲ್ಲಿ, “ನಿಮಗೆ ಬಲವಂತ ಮಾಡು ಅಂತಾನೆ ನನ್ನ ತಮ್ಮ. ನಾನು ಒಲ್ಲೆ ಅಂದೆ” ಎಂದಳು. ಅವರು ಅವಳನ್ನು ಒಂದು ಗಳಿಗೆ ನೋಡಿ, ಅಡ್ಡ ಹಿಡಿದಿದ್ದ ಕೈ ತೆಗೆದು, ಬೆರಳುಗಳನ್ನು ತಟ್ಟೆಯ ಅಂಚಿನಲ್ಲಿ ಇಟ್ಟುಕೊಂಡರು. ನಕ್ಕರೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ನಾನು ಆಗ ಭಾಯಿಯ ತಟ್ಟೆಗೆ, ಅವರೆಷ್ಟು ಬೇಡವೆಂದರೂ, ಎರಡು ಹೋಳಿಗೆ ಹೇರುವುದರಲ್ಲಿದ್ದೆ.

ಕೆಲವು ವಾರ ಕಳೆದ ಮೇಲೆ ಬೆಳಗಿನ ರೈಲಿನಲ್ಲಿ ಭಾಯಿ ನನ್ನನ್ನು ಗುಂಪಿನಿಂದ ಬಿಡಿಸಿ ಬಾಗಿಲ ಹತ್ತಿರ ಕರೆದೊಯ್ದರು. ವಾಸದ್ ಸ್ಟೇಷನ್ನಿಗೆ ಮುಂಚೆ ಮಹೀ ನದಿಯ ಸೇತುವೆಯ ಮೇಲೆ ಹೋಗುತ್ತಿದ್ದೆವು. ಮಂಜಿನಲ್ಲಿ ನೀರೂ ಮರಳೂ ಒಂದೇ ಬಣ್ಣ.

“ಸಾಹೇಬ್, ಮೋಟಾಭಾಯಿ ಒಂದು ಮಾತು ಕೇಳಿ ಬಾ ಅಂದಿದ್ದಾರೆ. ಬೆನ್ ಇನ್ನೊಂದು ಮದುವೆಯ ಬಗ್ಗೆ ಯೋಚಿಸ್ತಾರಾ?”

ಬೆನ್ ಎಂದರೆ ಅಕ್ಕ. ಸೇತುವೆಯ ಸದ್ದಿನಲ್ಲಿ ಕೇಳಿಸಲಿಲ್ಲವೆಂದು ನಟಿಸೋಣವೆನ್ನಿಸಿತು. ಅವರು ಇನ್ನೊಮ್ಮೆ ಜೋರಾಗಿ ಹೇಳಿದರು. ಇಸ್ಪೀಟಿನವರೂ ತಿರುಗಿ ನೋಡಿದರು.

“ಅವರಿಗೇನು ಹಿಡಿಸಿತು ಅಂತ?” ಅಂದೆ, ಅಕ್ಕನಿಗೆ ಅವಮಾನವಾಗುವ ಹಾಗೆ.

“ಬಸ್ ಅಂದ್ರೆ ಬಸ್ ಅಂತ ತಿಳ್ಕೊಂಡ ಮನುಷ್ಯರನ್ನ ಈ ವಯಸ್ಸಿನವರೆಗೂ ನೋಡಿರ್ಲಿಲ್ಲವಂತೆ. ನಮ್ಮ ಮನೇಲಿ ನಾವೆಲ್ಲ ಅವರಿಗೆ ತಿನ್ನಿಸಿ ತಿನ್ನಿಸಿ ಸಾಕು ಮಾಡಿದ್ದೇವೆ ನೋಡಿ.” ಭಾಯಿ ಇದನ್ನು ಕೊಂಚ ನೊಂದೇ ಹೇಳಿದರು.

ಸಂಜೆ ವಿಷಯ ಹೇಳಿದಾಗ ಅಕ್ಕ ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಕೈ ನಿಲ್ಲಲಿಲ್ಲ.

“ಈ ವಯಸ್ಸಲ್ಲಾ? ಬೇಡ ಬಿಡೋ.”

ಅಷ್ಟೇ. ಸಿಟ್ಟಿಲ್ಲ, ಕಣ್ಣೀರಿಲ್ಲ. ಕಡ್ಡಿ ಮುರಿದ ಹಾಗೆ ಹೇಳಿದ್ದರೆ ನಾನು ನೆಮ್ಮದಿಯಾಗಿ ಮಲಗುತ್ತಿದ್ದೆ. ಆದರೆ ಈ ಬೇಡದಲ್ಲಿ ಏನೋ ಒಂದು ಸಡಿಲವಿತ್ತು, ಚಿಲಕ ಹಾಕದೆ ಸುಮ್ಮನೆ ಎಳೆದುಕೊಂಡ ಬಾಗಿಲಿನಂತೆ. ನಮ್ಮ ಕಡೆ ಯಾರ ಮನೆಗಾದರೂ ಹೋಗಿ, ಕಾಫಿ ಕುಡೀತೀರಾ ಅಂದರೆ, ಬೇಡ ಈಗ ತಾನೇ ಆಯ್ತು ಅನ್ನುತ್ತೇವೆ. ಅಷ್ಟರಲ್ಲಿ ಒಳಗೆ ಹಾಲು ಒಲೆಯ ಮೇಲಿರುತ್ತದೆ. ಮೊದಲ ಮಾತಿಗೇ ಹೂಂ ಅನ್ನುವವರನ್ನು ನಾವು ಸ್ವಲ್ಪ ಹಗುರವಾಗಿ ನೋಡುತ್ತೇವೆ. ಅಕ್ಕನ ಬೇಡ ಈ ಜಾತಿಯದೋ? ಅಥವಾ ಅವಳು ಮೋಟಾಭಾಯಿಯ ‘ಬಸ್’ ಎಂಬ ಮಾತನ್ನು ತೆಗೆದುಕೊಂಡ ಹಾಗೆ ನಾನೂ ಇದನ್ನು ನೇರವಾಗಿ ತೆಗೆದುಕೊಳ್ಳಬೇಕೋ? ಅವಳು ಹೋಗಿಬಿಟ್ಟರೆ ಎಂಬ ಚಿಂತೆ ಎಡಮಗ್ಗುಲಿಗೆ, ನಮ್ಮಿಂದಾಗಿ ಹೋಗದೆ ಉಳಿದರೆ ಎಂಬುದು ಬಲಮಗ್ಗುಲಿಗೆ. ಹೊರಳಾಡುವುದನ್ನು ನೋಡಿ ಹೆಂಡತಿ, “ರೀ, ಮದುವೆ ನಿಮಗಲ್ಲ” ಅಂದಳು.

ಹಾಗೆಂದವಳೇ ಮಾರನೆಯ ದಿನ ಅಡುಗೆಮನೆಯಲ್ಲಿ ಶುರುಮಾಡಿದಳು. “ಅತ್ತಿಗೆ, ಒಳ್ಳೇ ಮನುಷ್ಯರ ಹಾಗೆ ಕಾಣ್ತಾರೆ. ನಾವೇನು ನಿಮ್ಮನ್ನ ಕಳಿಸ್ಬೇಕು ಅಂತಲ್ಲ, ದಯವಿಟ್ಟು ಹಾಗೆ ತಿಳ್ಕೋಬೇಡಿ.” ಊಟದ ಹೊತ್ತಿಗೆ ನಾನು ಹಿಡಿದೆ. ಸೂರತ್ ಇಲ್ಲೇ ಇದೆ, ಬೆಳಿಗ್ಗೆ ಹೋದರೆ ಸಂಜೆಗೆ ಬರಬಹುದು, ಮುಂದೆ ಒಂಟಿತನ, ನನಗೂ ವಯಸ್ಸಾಗುತ್ತಿದೆ, ಶುಗರ್ ಬಾರ್ಡರಿನಲ್ಲಿದೆ. ಎಲ್ಲ ಮಾತನ್ನೂ ಹೇಗೋ ಕೊನೆಗೆ ನನ್ನ ಶುಗರಿಗೇ ತಂದು ಕಟ್ಟುವುದು ನನ್ನ ಅಭ್ಯಾಸ. ಅಕ್ಕ ಕೇಳಿಸಿಕೊಂಡು, “ಸಾರು ಹಾಕ್ಲಾ?” ಅಂದಳು.

ಕಾಲೇಜಿಗೆ ಹೋಗುವ ಮಗಳು ತಟ್ಟೆಯಿಂದ ತಲೆ ಎತ್ತಿದಳು. ವಡೋದರದಲ್ಲೇ ಬೆಳೆದವಳು; ಅವಳ ಕನ್ನಡ ಅಲ್ಲಲ್ಲಿ ತಡವರಿಸುತ್ತದೆ.

“ಪಪ್ಪ, ಸ್ಟಾಪ್. ಯೂ ಆರ್ ಟ್ವಿಸ್ಟಿಂಗ್ ಹರ್ ಆರ್ಮ್.”

“ನಾನೆಲ್ಲಿ ತಿರುಚಿದೆ? ಕೇಳ್ತಿದ್ದೀನಿ ಅಷ್ಟೇ.”

“ನಿನ್ನೆಯಿಂದ ಸೇಮ್ ಕೇಳ್ತಾ ಇದ್ದೀರಿ. ಅದೇ ಟ್ವಿಸ್ಟ್ ಮಾಡೋದು. ಅತ್ತೆ ನೋ ಅಂದ್ರು, ಫಿನಿಶ್.”

ಮಗಳು ಕೈ ತೊಳೆಯಲು ಎದ್ದಾಗ ನಾನು ಪಾತ್ರೆ ಮುಚ್ಚುವ ನೆಪದಲ್ಲಿ ಅವಳ ಹಿಂದೆ ಅಡುಗೆಮನೆಗೆ ಹೋಗಿ, ಈ ಮಾತನ್ನು ನಮ್ಮ ಮ್ಯಾನೇಜರು ಬೆದರಿಸುವುದಕ್ಕೆ ಬಳಸುತ್ತಾರಲ್ಲ, ಮನೆಯಲ್ಲಿ ಅದು ಹೇಗೆ ಅಂತ ಕೇಳಿದೆ. ಮಗಳು ನಲ್ಲಿಯ ಕೆಳಗೆ ಕೈ ಹಿಡಿದುಕೊಂಡೇ ಪಾಠ ಮಾಡಿದಳು. ಆಫೀಸಿನಲ್ಲಿ ಅದು ನೋವು ಮಾಡುವ ಮಾತು. ಆದರೆ ಫ್ರೆಂಡ್ಸ್ ನಡುವೆ ಹಾಗಲ್ಲ. ಕೇಕ್ ಇನ್ನೊಂದು ತುಂಡು ತಗೋ ಅಂತ ಯಾರಾದರೂ ಅಂದರೆ, ತಟ್ಟೆ ಮುಂದೆ ಚಾಚಿಕೊಂಡೇ, ‘ಓಕೆ, ಟ್ವಿಸ್ಟ್ ಮೈ ಆರ್ಮ್’ ಅನ್ನುವುದು. “ಅಂದ್ರೆ ಆಲ್ರೆಡಿ ಬೇಕು, ಪಪ್ಪ. ಆದ್ರೆ ನಾನು ಆಸೆಬುರುಕಿ ಅಲ್ಲ, ನೀನು ಫೋರ್ಸ್ ಮಾಡಿದೆ, ಅದಕ್ಕೆ ತಿಂದೆ, ಅಂತ. ಬ್ಲೇಮ್ ನಿಂದು, ಕೇಕ್ ನಂದು.”

ಮಾರನೆಯ ಸಂಜೆ ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಭಜನೆಯವರು ಅಂದು ಮೆಲುದನಿಯಲ್ಲಿದ್ದರು. ಹೊರಗೆ ತಂಬಾಕಿನ ಹೊಲಗಳ ಮೇಲೆ ಬಿಸಿಲು ಕರಗುತ್ತಿತ್ತು. ವಟ್ವಾದ ಬಣ್ಣದ ಧೂಳು ನನ್ನ ಅಂಗಿಯ ತೋಳಿನಲ್ಲಿ ಯಾವಾಗಲೂ ಒಂದಿಷ್ಟು ಉಳಿದಿರುತ್ತದೆ. ಆ ಹೊತ್ತಿನ ಬೆಳಕಿಗೆ ಅದು ಒಮ್ಮೆ ಕೆಂಪು, ಒಮ್ಮೆ ನೇರಳೆ. ಆ ತೋಳನ್ನೇ ನೋಡುತ್ತಾ ಅರೆನಿದ್ದೆಗೆ ಜಾರಿದೆ. ಅಕ್ಕ ತೂಗುಮಣೆಯ ಮೇಲೆ ಕೂತಿದ್ದಾಳೆ, ಸರಪಳಿ ಎಲ್ಲಿಗೆ ಸಿಕ್ಕಿಸಿದೆಯೋ ಕಾಣುವುದಿಲ್ಲ, ಮಹೀ ನದಿಯ ಮೇಲೆ ಹೋಗಿ ಬರುತ್ತಿದ್ದಾಳೆ. ನೂಕಲಾ ಅಂತ ನಾನು ದಡದಿಂದ ಕೂಗಿ ಕೇಳುತ್ತೇನೆ. ಅವಳು ಏನೋ ಹೇಳುತ್ತಾಳೆ. ಕೇಳಿಸುವುದಿಲ್ಲ.

ಎಚ್ಚರವಾದಾಗ ಬಾಯಿ ತೆರೆದುಕೊಂಡಿತ್ತು. ಪಕ್ಕದಲ್ಲಿ ಭಾಯಿ ಖಮಣ್ ಎಂಬ ಕಡಲೆಹಿಟ್ಟಿನ ತಿಂಡಿಯ ಡಬ್ಬಿ ಹಿಡಿದು ಅದಕ್ಕಾಗಿಯೇ ಕಾಯುತ್ತಿದ್ದರು.

ಆದರೆ ಮನಸ್ಸಿಗೆ ಒಂದು ವಿಷಯ ತಿಳಿಯಾಗಿತ್ತು. ಅಕ್ಕನ ವಯಸ್ಸಿನ ಹೆಂಗಸು, ಗಂಡನನ್ನು ಕಳೆದುಕೊಂಡವಳು, ನನಗೆ ಮದುವೆ ಬೇಕು ಅಂತ ತಾನಾಗಿ ಹೇಳುವುದು ನಮ್ಮ ಬಳಗದಲ್ಲಿ ಆಗದ ಮಾತು. ‘ಎಲ್ಲರೂ ಹಿಡಿದುಕೊಂಡರು, ತಮ್ಮ ಬಿಡಲೇ ಇಲ್ಲ, ಏನು ಮಾಡಲಿ ಒಪ್ಪಿದೆ’ ಅಂದರೆ ಆಗುತ್ತದೆ. ಒತ್ತಾಯ ಅಂದರೆ ತಲೆಯ ಮೇಲೆ ಹಿಡಿಯುವ ಕೊಡೆಯೂ ಹೌದು. ಹಿಡಿಯುವವನು ನೆನೆಯುತ್ತಾನೆ, ಒಳಗಿರುವವರು ಬೆಚ್ಚಗೆ ಹೋಗುತ್ತಾರೆ. ಆ ಇಂಗ್ಲಿಷಿನ ಮಾತಿನ ನೋವಿನ ಕೆಳಗೆ ಇಂಥದೊಂದು ಕರುಣೆ ಅಡಗಿದೆಯಲ್ಲ ಎಂದು ನನಗೆ ಖುಷಿಯಾಯಿತು. ಹಿಡಿಯೋಣ, ಅದರಲ್ಲೇನು. ಬಯ್ಯಿಸಿಕೊಳ್ಳುವ ಕೆಲಸ ನನಗೆ ಚೆನ್ನಾಗಿ ಬರುತ್ತದೆ.

ಮನೆಗೆ ಬಂದವನೇ ಕೈಕಾಲು ತೊಳೆದು ತೂಗುಮಣೆಯ ಎದುರು ಕುರ್ಚಿ ಎಳೆದುಕೊಂಡೆ.

“ಅಕ್ಕ, ಊರಲ್ಲಿ ಯಾರು ಕೇಳಿದ್ರೂ ನಾನೇ ಬಲವಂತ ಮಾಡಿದೆ ಅಂತ ಹೇಳ್ತೀನಿ. ಹಾಸನದ ದೊಡ್ಡಮ್ಮನಿಗೂ ನಾನೇ ಫೋನ್ ಮಾಡ್ತೀನಿ. ನೀನು ಬಾಯೇ ಬಿಡ್ಬೇಡ. ಎಲ್ಲ ನನ್ನ ತಲೆ ಮೇಲೆ.”

ಅಕ್ಕ ಹೆಬ್ಬೆರಳೂರಿ ಮಣೆ ನಿಲ್ಲಿಸಿದಳು.

“ಅಂದ್ರೆ ನನಗೆ ಮನಸ್ಸಿದೆ ಅಂತ ನೀನೇ ತೀರ್ಮಾನ ಮಾಡಿಬಿಟ್ಟಿದ್ದೀಯ.”

“ಇಲ್ವಾ?”

“ಗೊತ್ತಿಲ್ಲ ಕಣೋ. ಗೊತ್ತು ಮಾಡ್ಕೊಳೋಕೆ ನೀವು ಬಿಟ್ರೆ ತಾನೆ? ಒಬ್ಬಳು ಅಡುಗೆಮನೇಲಿ, ನೀನು ಊಟದ ಹೊತ್ತಲ್ಲಿ. ಬೇಡ ಅಂದಿದ್ದು ಯೋಚನೆ ಮಾಡೋಕೆ ಜಾಗ ಸಿಗ್ಲಿ ಅಂತ. ಆ ಜಾಗದಲ್ಲೂ ಬಂದು ಕೂತ್ಕೊಂಡ್ರಿ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ಮೊದಲನೇ ಮದುವೆ ನಮ್ಮಪ್ಪ ಹೇಳಿದ ಕಡೆ ಆಯ್ತು. ನಿನ್ನ ಭಾವ ಒಳ್ಳೆಯವರೇ, ಅದಲ್ಲ ಮಾತು. ಆದರೆ ಜಗಳ ಬಂದಾಗೆಲ್ಲ ಮನಸ್ಸಲ್ಲೇ ಅಂದ್ಕೋತಿದ್ದೆ, ಅಪ್ಪ ಮಾಡಿದ್ದು, ಅಪ್ಪ ಮಾಡಿದ್ದು ಅಂತ. ಈಗ ನಿನ್ನನ್ನ ಬೈಕೊಂಡು ಸೂರತ್ತಲ್ಲಿ ಕೂತಿರ್ಲಾ?”

ನನ್ನನ್ನು ಬೈದುಕೊಳ್ಳುತ್ತಾ ಸೂರತ್ತಿನಲ್ಲಿ ಕೂತಿರುವ ಅಕ್ಕ ಆಗಲೇ ನನ್ನ ಹೊಸ ಚಿಂತೆಯಾಗಿದ್ದಳು.

“ಭಾನುವಾರ ಕರ್ಕೊಂಡು ಹೋಗು,” ಅಂದಳು ಅವಳೇ. “ಅವರ ಮನೆ ನೋಡ್ಬೇಕು. ಬಾಯಿ ಮಾತ್ರ ಮುಚ್ಕೊಂಡಿರ್ಬೇಕು ನೀನು.”

ಹೋದೆವು. ಭರೂಚದಲ್ಲಿ ನರ್ಮದೆ ದಾಟುವಾಗ ಅಕ್ಕ ಕೈ ಮುಗಿದಳು. ಸೂರತ್ತಿನಲ್ಲಿ ಆಟೋ, ಸೀರೆಯ ಮೂಟೆ ಹೊತ್ತ ಸ್ಕೂಟರುಗಳ ನಡುವೆ ನುಸುಳಿ ನುಸುಳಿ, ತಾಪಿ ನದಿಯ ಆಚೆ ದಂಡೆಯ ಒಂದು ಶಾಂತವಾದ ಗಲ್ಲಿಯಲ್ಲಿ ಇಳಿಸಿತು. ಮೋಟಾಭಾಯಿ ಬಾಗಿಲಲ್ಲೇ ನಿಂತಿದ್ದರು. ಟೀ ಅವರೇ ಮಾಡಿದರು. ತಟ್ಟೆಯಲ್ಲಿ ಘಾರಿ ಇಟ್ಟು, ಈ ಊರಿನ ಸಿಹಿ ಇದು ಅಂತ ಹೇಳಿ, ನಮ್ಮ ಕಡೆ ಒಮ್ಮೆ ಸರಿಸಿ ಸುಮ್ಮನಾದರು. ಆ ಸುಮ್ಮನಿರುವಿಕೆಯ ಎದುರು ನಾನು ಒದ್ದಾಡಿಹೋದೆ. ಯಾರೂ ಬಾಯಿಗೆ ತುರುಕದಿದ್ದರೆ ಇದನ್ನು ತಿನ್ನುವುದು ಹೇಗೆ? ಕೈ ನೀಡಲು ನಾಚಿಕೆ, ನೀಡದಿರಲು ಘಾರಿಯ ತುಪ್ಪದ ವಾಸನೆ. ಅಕ್ಕ ಆರಾಮಾಗಿ ಒಂದು ತೆಗೆದುಕೊಂಡು ಅರ್ಧ ಮುರಿದು ತಿಂದಳು.

ಗೋಡೆಯ ತುಂಬ ಸೀರೆಯ ಅಂಚಿನ ಚಿತ್ರಗಳು: ಮಾವಿನಕಾಯಿ, ಗಿಳಿ, ಬಳ್ಳಿ. ಅಕ್ಕ ಎದ್ದು ಒಂದೊಂದರ ಮುಂದೆಯೂ ನಿಂತಳು. ಒಂದು ಗಿಳಿಯ ಹತ್ತಿರ ಬಂದು, “ಇದರ ಕೊಕ್ಕು ಸರಿಯಿಲ್ಲ” ಅಂದಳು. ಅವರೂ ಎದ್ದುಬಂದು ನೋಡಿ, “ಮಿಲ್ಲಿನವರೂ ಹಾಗೇ ಅಂದಿದ್ರು. ನಾನು ಒಪ್ಪಿರಲಿಲ್ಲ” ಅಂದರು. “ಈಗ?” “ಈಗಲೂ ಇಲ್ಲ.” ಇಬ್ಬರೂ ಆ ಗಿಳಿಯನ್ನೇ ನೋಡುತ್ತಾ ನಿಂತರು. ನದಿಯ ಕಡೆಯಿಂದ ಗಾಳಿ ಬಂದು ಪರದೆ ಉಬ್ಬಿ ಇಳಿಯಿತು. ನನಗೆ ಅಲ್ಲಿ ಇರುವುದು ಅತಿ ಅನ್ನಿಸಿ, ಎರಡು ಘಾರಿ ಕಾಗದದಲ್ಲಿ ಸುತ್ತಿಕೊಂಡು ದಂಡೆಯ ಮೇಲೆ ಓಡಾಡಲು ಹೋದೆ.

ವಾಪಸು ಬರುವ ರೈಲಿನಲ್ಲಿ ಅಕ್ಕ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದಳು. ನಾನು ಬಾಯಿ ಮುಚ್ಚಿಕೊಂಡಿದ್ದೆ. ಏನಾಯ್ತು ಎಂಬ ಮಾತು ಹಲ್ಲಿನ ಹಿಂದೆಯೇ ಕೂತು ವಡೋದರದವರೆಗೂ ಬಂತು. ಮನೆಯಲ್ಲಿ ಹೆಂಡತಿ ಹುಬ್ಬು ಹಾರಿಸಿದಳು, ನಾನು ಭುಜ ಕುಣಿಸಿದೆ. ಮುಂದಿನ ವಾರವೆಲ್ಲ ನಮ್ಮ ಮನೆಯಲ್ಲಿ ಆ ವಿಷಯ ಬಿಟ್ಟು ಉಳಿದೆಲ್ಲದರ ಬಗ್ಗೆ ಮಾತಾಯಿತು. ರೈಲಿನಲ್ಲಿ ಭಾಯಿ ಕಣ್ಣಲ್ಲೇ ಕೇಳುತ್ತಿದ್ದರು. ಬಾಯಿ ಬಿಡಬೇಡ ಎಂದು ಅವರಿಗೂ ಅಣ್ಣನಿಂದ ಆಜ್ಞೆಯಾಗಿತ್ತಂತೆ.

ಒಂದು ಬೆಳಿಗ್ಗೆ, ರಜಾ ದಿನ, ತಿಂಡಿಯಾದ ಮೇಲೆ ಅಕ್ಕ ತೂಗುಮಣೆಯಲ್ಲಿ ಕೂತು ಹಾಸನಕ್ಕೆ ಫೋನು ಹಚ್ಚಿದಳು. ದೊಡ್ಡಮ್ಮ ನಮ್ಮ ಬಳಗದ ಹೈಕೋರ್ಟು. ಅವರಿಗೆ ಕಿವಿ ಮಂದ, ಆದ್ದರಿಂದ ಸ್ಪೀಕರ್ ಹಾಕಿಯೇ ಮಾತು.

“ದೊಡ್ಡಮ್ಮ, ನಾನು ಮದುವೆ ಮಾಡ್ಕೋತಿದ್ದೀನಿ.”

ನನ್ನ ಕೈಯಲ್ಲಿದ್ದ ಪೇಪರು ತಾನಾಗಿ ಕೆಳಗಿಳಿಯಿತು. ಹೆಂಡತಿ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

“ಯಾರ್ದು?”

“ನಂದೇ.”

ಆ ಕಡೆ ಟಿವಿಯ ಸದ್ದು ನಿಂತಿತು. “ಯಾರೇ ಒತ್ತಾಯ ಮಾಡಿದ್ದು? ಆ ನಿನ್ನ ತಮ್ಮನಾ? ಎಂಟು ವರ್ಷ ಇಟ್ಕೊಂಡು ಸಾಕಾಯ್ತಂತಾ ಅವನಿಗೆ? ಕೊಡು ಫೋನು!”

ನಾನು ಎದ್ದೆ. ಇದಕ್ಕೆ ನಾನು ಸಿದ್ಧನಾಗಿದ್ದೆ. ಎರಡು ಹೆಜ್ಜೆ ಇಟ್ಟು ಫೋನಿಗೆ ಕೈಚಾಚಿದೆ. ಅಕ್ಕ ಅಂಗೈ ಎತ್ತಿ ನನ್ನನ್ನು ಅಲ್ಲೇ ನಿಲ್ಲಿಸಿದಳು.

“ಯಾರೂ ಒತ್ತಾಯ ಮಾಡಿಲ್ಲ, ದೊಡ್ಡಮ್ಮ. ನನಗೇ ಇಷ್ಟ ಆಯ್ತು.”

ಬಾಲ್ಕನಿಯಲ್ಲಿ ಪಾರಿವಾಳವೊಂದು ಗುಟುರು ಹಾಕುತ್ತಿತ್ತು. ಲೈನು ಕಟ್ಟಾಯಿತೇನೋ, ದೊಡ್ಡಮ್ಮನಿಗೆ ಏನಾದರೂ ಆಯಿತೇನೋ, ಪಕ್ಕದ ಮನೆಯವರ ನಂಬರು ನನ್ನ ಹತ್ತಿರ ಇದೆಯೇ ಎಂದು ನಾನು ಯೋಚಿಸುತ್ತಿದ್ದೆ.

“ಇಷ್ಟ ಆಯ್ತಾ?” ಅಂದರು ದೊಡ್ಡಮ್ಮ. ದನಿ ಸಣ್ಣದಾಗಿತ್ತು.

“ಹೂಂ.”

“ಹೆಂಗಿದಾನೆ ನೋಡಕ್ಕೆ?”

ಅಕ್ಕ ನಮ್ಮಿಬ್ಬರ ಕಡೆ ನೋಡಿದಳು. ಕಿವಿಯವರೆಗೂ ಕೆಂಪಾಗಿದ್ದಳು. ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಒತ್ತಿಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಎಳೆದುಕೊಂಡಳು. ಗಾಜಿನ ಆಚೆ ಅವಳು ಕಂಬಿಗೆ ಒರಗಿ ಮಾತಾಡುವುದು ಕಾಣುತ್ತಿತ್ತು. ಒಮ್ಮೆ ಬಗ್ಗಿ ಬಗ್ಗಿ ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡು ಇನ್ನೊಮ್ಮೆ ನಕ್ಕಳು. ಮಣೆ ಖಾಲಿಯಾಗಿಯೇ ಕೊಂಚ ಹೊತ್ತು ತೂಗಿ ನಿಂತಿತು.

“ಏನು ಹೇಳ್ತಿರಬಹುದು?” ಅಂದೆ.

“ಸುಮ್ನಿರ್ರೀ,” ಅಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತಾ.